ಪೇಟೆಯಲ್ಲಿ ಮದ್ಯದಂಗಡಿ: ಊರಿನವರನ್ನು ಕೇಳುವವರು ಯಾರು?

ಯುವ ಅಧ್ಯಯನ ಪಾಠ



ಈ ತಿಂಗಳ ಅಧ್ಯಯನಕ್ಕೆ ಯುವ ಕೂಟದ ನಾವು ಆರಿಸಿಕೊಂಡ ವಿಷಯ ಮದ್ಯದ ಲೈಸೆನ್ಸು. ಕುಡಿತದ ಕೆಡುಕಿನ ಬಗ್ಗೆ ಪ್ರಬೋಧನೆಗಳಲ್ಲಿ ಸಾಕಷ್ಟು ಕೇಳಿದ್ದೇವೆ, ಅದನ್ನು ಇಲ್ಲಿ ಪುನಃ ಬರೆಯುವುದಿಲ್ಲ. ಒಂದು ಪೇಟೆಯ ನಡುವೆ ಮದ್ಯದಂಗಡಿ ಎಷ್ಟಿರಬೇಕು, ಎಲ್ಲಿರಬೇಕು, ಬೇಡ ಎನ್ನುವ ಅಧಿಕಾರ ಯಾರಿಗಿದೆ ಎಂಬ ಪ್ರಶ್ನೆ ಬೇರೆಯೇ. ಪಂಚಾಯತು, ನಗರಸಭೆಗಳಲ್ಲಿ ಜಗಳವಾಗುವುದು ಈ ಪ್ರಶ್ನೆಯ ಮೇಲೆ. ಮದ್ಯದ ವಿರುದ್ಧ ಭಾಷಣ ಮಾಡಲು ನಮ್ಮಲ್ಲಿ ಬೇಕಾದಷ್ಟು ಜನರಿದ್ದಾರೆ. ಕಾಯ್ದೆಯ ಕಲಮು ಓದಿದವರು ಕಡಿಮೆ.

ನಾಯ್ಮಾರ್ಮೂಲೆಗೆ ಬಾರ್ ಬರುತ್ತದೆ ಎಂದು ಯಾರೂ ಗಾಬರಿಯಾಗಬೇಕಾಗಿಲ್ಲ, ಅಂಥ ಸುದ್ದಿಯ ಮೇಲೆ ಈ ಪಾಠ ಬರೆದದ್ದಲ್ಲ. ಆದರೆ ನಮ್ಮ ಜಾಗವನ್ನೊಮ್ಮೆ ನೋಡಿ. ಕಲೆಕ್ಟರೇಟು, ನ್ಯಾಯಾಲಯ, ಸರಕಾರಿ ಕಾಲೇಜು ಇರುವ ವಿದ್ಯಾನಗರ ದಾಟಿ ಚೆರ್ಕಳದ ಕಡೆ ಹೊರಟರೆ ಸಿಗುವುದು ನಾಯ್ಮಾರ್ಮೂಲೆ. ರಾಷ್ಟ್ರೀಯ ಹೆದ್ದಾರಿ 66 ಊರಿನ ನಡುವೆಯೇ ಹೋಗುತ್ತದೆ. ದೊಡ್ಡ ಹೈಯರ್ ಸೆಕೆಂಡರಿ ಶಾಲೆ ಇದೆ, ಮಸೀದಿ ಇದೆ, ಬಸ್ಸಿಗೆ ಕಾಯುವ ಮಕ್ಕಳಿದ್ದಾರೆ. ಕಾಗದದಲ್ಲಿ ಇದು ಚೆಂಗಳ ಗ್ರಾಮ ಪಂಚಾಯತಿಗೆ ಸೇರಿದ ಜಾಗ, ಕಣ್ಣಿಗೆ ಮಾತ್ರ ಪೇಟೆ. ಜಿಲ್ಲಾ ಕೇಂದ್ರದ ಅಂಚಿನಲ್ಲಿ, ಹೆದ್ದಾರಿಯ ಬದಿಯಲ್ಲಿ ಇರುವ ಇಂಥ ಊರಿಗೆ ಹೋಟೆಲು, ಲಾಡ್ಜು, ಅದರ ಹಿಂದೆಯೇ ಬಾರ್ ಅರ್ಜಿ ಬರುವುದು ಆಶ್ಚರ್ಯದ ಸಂಗತಿಯಲ್ಲ. ಬೋರ್ಡು ಬಿದ್ದ ಮೇಲೆ ಕಾಯ್ದೆ ಓದಲು ಕೂತರೆ ಓದಿದ್ದು ಉಪಯೋಗಕ್ಕೆ ಬರುವುದಿಲ್ಲ.

ಕಾಯ್ದೆ ಕೊಟ್ಟದ್ದು, ಕಾಯ್ದೆ ತೆಗೆದದ್ದು

ಸಂವಿಧಾನದ 73 ಮತ್ತು 74ನೇ ತಿದ್ದುಪಡಿಗಳು ಬಂದ ಮೇಲೆ ಕೇರಳದಲ್ಲಿ 1994ರಲ್ಲಿ ಎರಡು ಕಾಯ್ದೆಗಳಾದವು: ಒಂದು ಪಂಚಾಯತ್ ರಾಜ್ ಕಾಯ್ದೆ, ಇನ್ನೊಂದು ಮುನಿಸಿಪಾಲಿಟಿ ಕಾಯ್ದೆ. ಮೊದಲನೆಯದರ 232ನೇ ಕಲಮು, ಎರಡನೆಯದರ 447ನೇ ಕಲಮು, ಇವೆರಡರ ನಂಬರು ಬರೆದಿಟ್ಟುಕೊಳ್ಳಿ. ಸ್ಥಳೀಯ ಸಂಸ್ಥೆಯ ಲೈಸೆನ್ಸು ಇಲ್ಲದೆ ಯಾವ ಯಾವ ವ್ಯವಹಾರಕ್ಕೆ ಜಾಗ ಬಳಸಬಾರದು ಎಂದು ಹೇಳುವ ಕಲಮುಗಳು ಇವು. ಮದ್ಯದ ವಿಷಯದಲ್ಲಿ ಕೇರಳದ ಜಗಳವೆಲ್ಲ ಬಹುಮಟ್ಟಿಗೆ ಈ ಎರಡು ನಂಬರುಗಳ ಸುತ್ತ ನಡೆದಿದೆ. ಅಬಕಾರಿ ಲೈಸೆನ್ಸು ಕೊಡುವುದು ರಾಜ್ಯ ಸರಕಾರ. ಆದರೆ ಪಂಚಾಯತು ಅಥವಾ ನಗರಸಭೆ ಒಪ್ಪದೆ ಅಂಗಡಿ ತೆರೆಯಬಹುದೇ?

2012ರಲ್ಲಿ ಆಗಿನ ಯುಡಿಎಫ್ ಸರಕಾರ ಈ ಕಲಮುಗಳಿಗೆ ತಿದ್ದುಪಡಿ ತಂದು, ಒಪ್ಪಿಗೆ ಬೇಕು ಎಂದಿತು. ಹೊಸ ಮದ್ಯದಂಗಡಿಗೆ ಸ್ಥಳೀಯ ಸಂಸ್ಥೆಯ ನಿರಾಕ್ಷೇಪಣಾ ಪತ್ರ ಕಡ್ಡಾಯವಾಯಿತು. ಐದು ವರ್ಷ ಹೀಗೆ ನಡೆಯಿತು. 2017ರಲ್ಲಿ ಎಲ್‌ಡಿಎಫ್ ಸರಕಾರ ಅಧ್ಯಾದೇಶ ಹೊರಡಿಸಿ ಆ ಷರತ್ತನ್ನು ತೆಗೆದುಹಾಕಿತು. ಜೂನ್ ತಿಂಗಳ ಆರಂಭದಲ್ಲಿ ರಾಜ್ಯಪಾಲರ ಸಹಿ ಬಿತ್ತು. ಕೇರಳದ ಧರ್ಮಾಧ್ಯಕ್ಷರ ಮಂಡಳಿ ಅದನ್ನು ಬಲವಾಗಿ ವಿರೋಧಿಸಿತು, ಪ್ರತಿಪಕ್ಷಗಳೂ ವಿರೋಧಿಸಿದವು.

ಸರಕಾರದ ಮಾತನ್ನೂ ಕೇಳಬೇಕು. ಮೊದಲನೆಯದು, ಒಪ್ಪಿಗೆ ಪತ್ರ ಕೊಡುವ ಅಧಿಕಾರ ಎಲ್ಲಿದೆಯೋ ಅಲ್ಲಿ ಅದಕ್ಕೊಂದು ಬೆಲೆ ಕಟ್ಟುವವರು ಹುಟ್ಟುತ್ತಾರೆ. ಇದು ಸುಳ್ಳೆಂದು ಎದೆ ತಟ್ಟಿ ಹೇಳಲು ನಮ್ಮಿಂದಾಗದು. ಎರಡನೆಯದು, ಆ ವರ್ಷ ಹೆದ್ದಾರಿ ಬದಿಯ ನೂರಾರು ಅಂಗಡಿಗಳನ್ನು ಸುಪ್ರೀಂ ಕೋರ್ಟಿನ ಆದೇಶದಂತೆ ಬೇರೆಡೆಗೆ ಸಾಗಿಸಬೇಕಾಗಿತ್ತು. ಎಲ್ಲಿ ಹೋದರೂ ಊರವರು ದಾರಿಗೆ ಅಡ್ಡ ಕೂರುತ್ತಿದ್ದರು, ಪಂಚಾಯತುಗಳು ಪತ್ರ ಕೊಡುತ್ತಿರಲಿಲ್ಲ. ಮೂರನೆಯದು ಪ್ರವಾಸೋದ್ಯಮ ಮತ್ತು ತೆರಿಗೆ. ಆ ಮಾತು ಎಲ್ಲ ಸರಕಾರಗಳೂ ಹೇಳುತ್ತವೆ.

ಎರಡನೆಯ ಕಾರಣವನ್ನು ಓದುವಾಗ ನಮ್ಮ ಕೂಟದಲ್ಲಿ ಒಬ್ಬರು, “ಊರವರು ಬೇಡ ಎಂದದ್ದೇ ಊರವರನ್ನು ಕೇಳದಿರಲು ಕಾರಣವಾಯಿತಲ್ಲ!” ಎಂದರು. ಅದಕ್ಕಿಂತ ಸ್ಪಷ್ಟವಾಗಿ ಹೇಳಲು ನಮಗೆ ಬರುವುದಿಲ್ಲ.

ಹೆದ್ದಾರಿಯ ಅಳತೆ

ಆ ಸುಪ್ರೀಂ ಕೋರ್ಟ್ ಆದೇಶದ ಕಥೆಯನ್ನು ಸ್ವಲ್ಪ ವಿವರವಾಗಿ ಓದುವುದು ಒಳ್ಳೆಯದು, ಏಕೆಂದರೆ ನಾವು ಹೆದ್ದಾರಿಯ ಮೇಲೆಯೇ ಇರುವವರು. ಚಂಡೀಗಢದ ಹರ್ಮನ್ ಸಿಂಗ್ ಸಿಧು ಎಂಬವರು 1996ರಲ್ಲಿ ರಸ್ತೆ ಅಪಘಾತಕ್ಕೆ ಸಿಕ್ಕಿ ಗಾಲಿಕುರ್ಚಿಗೆ ಸೇರಿದರು. ಆಮೇಲೆ ‘ಅರೈವ್ ಸೇಫ್’ ಎಂಬ ಸಂಸ್ಥೆ ಕಟ್ಟಿ ಹೆದ್ದಾರಿ ಬದಿಯ ಮದ್ಯದಂಗಡಿಗಳ ವಿರುದ್ಧ ಕೋರ್ಟು ಹತ್ತಿದರು. ತಮಿಳುನಾಡಿನಿಂದ ಕೆ. ಬಾಲು ಎಂಬ ವಕೀಲರೂ ಇದೇ ಹೋರಾಟ ಮಾಡಿದರು. 2016ರ ದಶಂಬರ 15ರಂದು ಸುಪ್ರೀಂ ಕೋರ್ಟು, ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದು, 2017ರ ಎಪ್ರಿಲ್ 1ರಿಂದ ಇದು ಜಾರಿ ಎಂದಿತು. ಜಾರಿಗೆ ಒಂದು ದಿನ ಮೊದಲು, 20,000 ಅಥವಾ ಅದಕ್ಕಿಂತ ಕಡಿಮೆ ಜನಸಂಖ್ಯೆಯ ಸ್ಥಳೀಯ ಸಂಸ್ಥೆಗಳಿಗೆ ದೂರವನ್ನು 220 ಮೀಟರಿಗೆ ಇಳಿಸಿತು. ಅದೇ ಜುಲಾಯಿಯಲ್ಲಿ, ನಗರಸಭೆಗಳ ಒಳಗೆ ಈ ನಿಷೇಧ ಅನ್ವಯಿಸುವುದಿಲ್ಲ ಎಂದು ಸ್ಪಷ್ಟೀಕರಣ ಬಂತು. 2018ರ ಫೆಬ್ರವರಿಯಲ್ಲಿ ಇನ್ನೊಂದು ಆದೇಶ ಬಂತು: ಒಂದು ಪಂಚಾಯತು ನಗರದಂತೆ ಬೆಳೆದಿದೆಯೇ ಎಂಬುದನ್ನು ರಾಜ್ಯ ಸರಕಾರವೇ ನೋಡಿ ತೀರ್ಮಾನಿಸಬಹುದು.

ಕೊನೆಯ ಆದೇಶವನ್ನು ನಾಯ್ಮಾರ್ಮೂಲೆಯವರು ಎರಡು ಸಲ ಓದಬೇಕು. ಕಾಗದದಲ್ಲಿ ಗ್ರಾಮ, ಕಣ್ಣಿಗೆ ಪೇಟೆ ಎಂದು ಮೇಲೆ ಬರೆದೆವಲ್ಲ. ನಾವು ಗ್ರಾಮವೋ ಪೇಟೆಯೋ ಎಂದು ಈ ವಿಷಯದಲ್ಲಿ ತೀರ್ಮಾನಿಸುವುದು ತಿರುವನಂತಪುರ.

ಆ 500 ಮೀಟರಿನ ದಿನಗಳಲ್ಲಿ ನಡೆದ ಒಂದು ಸಂಗತಿಯನ್ನು ಬಿಡಲು ಮನಸ್ಸಾಗುವುದಿಲ್ಲ. ಎರ್ನಾಕುಳಂ ಜಿಲ್ಲೆಯ ಉತ್ತರ ಪರವೂರಿನಲ್ಲಿ ಒಂದು ಬಾರ್ ಹೆದ್ದಾರಿಗೆ ತೀರಾ ಹತ್ತಿರವಿತ್ತು. ಮಾಲಿಕರು ಕಟ್ಟಡವನ್ನು ಕದಲಿಸಲಿಲ್ಲ. ಎದುರಿನ ಜಾಗದಲ್ಲಿ ಹಾವಿನ ಹಾಗೆ ಸುತ್ತಿ ಬಳಸುವ ಕಾಲುದಾರಿ ಕಟ್ಟಿಸಿದರು. ಗಿರಾಕಿ ಆ ದಾರಿಯಲ್ಲಿ ನಡೆದರೆ 500 ಮೀಟರ್ ದಾಟುತ್ತದೆ! ದೂರ ಅಳೆಯುವುದು ಗಾಳಿಯಲ್ಲಿ ನೇರವಾಗಿ ಅಲ್ಲ, ನಡೆಯುವ ದಾರಿಯಲ್ಲಿ. ಭೌತಶಾಸ್ತ್ರದಲ್ಲಿ ದೂರ ಮತ್ತು ಸ್ಥಾನಪಲ್ಲಟ ಬೇರೆ ಬೇರೆ ಎಂದು ಕಲಿತವರಿಗೆ ಇದು ಬೇಗ ಅರ್ಥವಾಗುತ್ತದೆ. ಬಿಎಸ್‌ಸಿ ಓದಿದ್ದು ಹೀಗೂ ಉಪಯೋಗಕ್ಕೆ ಬರುತ್ತದೆಂದು ಆಗ ಗೊತ್ತಿರಲಿಲ್ಲ.

ನಗು ಬಂದರೂ ಇದರಲ್ಲಿ ನಮಗೊಂದು ಪಾಠವಿದೆ. ಶಾಲೆ, ಆರಾಧನಾಲಯ, ಸ್ಮಶಾನಗಳಿಂದ ಬಾರಿಗೆ 200 ಮೀಟರ್ ದೂರವಿರಬೇಕೆಂದು ಕೇರಳದ ವಿದೇಶಿ ಮದ್ಯ ನಿಯಮ ಹೇಳುತ್ತಿತ್ತು. ನಾಲ್ಕು ನಕ್ಷತ್ರ ಮತ್ತು ಅದಕ್ಕಿಂತ ಮೇಲಿನ ಹೋಟೆಲುಗಳಿಗೆ 2017ರಲ್ಲಿ ಅದನ್ನು 50 ಮೀಟರಿಗೆ ಇಳಿಸಿದರು. ಈ ದೂರವನ್ನೂ ಗೇಟಿನಿಂದ ಗೇಟಿಗೆ, ಜನ ಸಾಮಾನ್ಯವಾಗಿ ನಡೆಯುವ ಅತಿ ಹತ್ತಿರದ ದಾರಿಯಲ್ಲಿ ಅಳೆಯುತ್ತಾರೆ. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಈಗ ಆರು ಪಥ. ಮೊದಲು ಎಡಬಲ ನೋಡಿ ಹತ್ತು ಹೆಜ್ಜೆಯಲ್ಲಿ ದಾಟುತ್ತಿದ್ದ ರಸ್ತೆಯನ್ನು ಈಗ ದಾಟಬೇಕಾದರೆ ಅಂಡರ್‌ಪಾಸ್ ಎಲ್ಲಿದೆ ಎಂದು ಹುಡುಕಿ ನಡೆಯಬೇಕು. ಶಾಲೆಯ ಗೇಟಿನಲ್ಲಿ ನಿಂತರೆ ಆಚೆ ಬದಿಯ ಬೋರ್ಡು ಓದಬಹುದು. ಟೇಪು ಹಿಡಿದು ದಾರಿಯಲ್ಲಿ ಅಳೆದರೆ ಅದು ಅರ್ಧ ಕಿಲೋಮೀಟರ್ ಆಗಬಹುದು. ಪರವೂರಿನಲ್ಲಿ ಖರ್ಚು ಮಾಡಿ ಕಟ್ಟಿಸಿದ್ದನ್ನು ನಮಗೆ ಹೆದ್ದಾರಿಯೇ ಬಿಟ್ಟಿಯಾಗಿ ಕಟ್ಟಿಕೊಟ್ಟಿದೆ. ಮೀಟರಿನ ಲೆಕ್ಕವೊಂದನ್ನೇ ನಂಬಿ ಕೂರಬಾರದು ಎನ್ನುವುದು ಇದಕ್ಕೇ.

ನಕ್ಷತ್ರ ದಿಲ್ಲಿಯಿಂದ

ಬಾರ್ ಲೈಸೆನ್ಸಿಗೆ ಅಬಕಾರಿ ಭಾಷೆಯಲ್ಲಿ ಎಫ್‌ಎಲ್-3 ಎನ್ನುತ್ತಾರೆ. ಬೆವ್ಕೊದಂಥ ಚಿಲ್ಲರೆ ಅಂಗಡಿಯದ್ದು ಎಫ್‌ಎಲ್-1, ಬಿಯರ್ ಮತ್ತು ವೈನ್ ಪಾರ್ಲರಿನದ್ದು ಎಫ್‌ಎಲ್-11. 2017ರ ನೀತಿಯ ಪ್ರಕಾರ ಮೂರು ನಕ್ಷತ್ರ ಅಥವಾ ಅದಕ್ಕಿಂತ ಮೇಲಿನ ಹೋಟೆಲಿಗೆ ಬಾರ್ ಲೈಸೆನ್ಸು ಸಿಗುತ್ತದೆ. ನಕ್ಷತ್ರ ಕೊಡುವುದು ಯಾರು? ಕೇಂದ್ರದ ಪ್ರವಾಸೋದ್ಯಮ ಸಚಿವಾಲಯ. ಅವರು ನೋಡುವುದು ಕೋಣೆಯ ಅಳತೆ, ಲಿಫ್ಟು, ಅಡುಗೆಮನೆ, ಸ್ವಾಗತ ಕೌಂಟರು. ಎದುರಿನ ಬಸ್ ಸ್ಟಾಪಿನಲ್ಲಿ ಸಂಜೆ ಆರಕ್ಕೆ ಯಾರು ನಿಂತಿರುತ್ತಾರೆ ಎಂದು ಅವರು ನೋಡುವುದಿಲ್ಲ, ಅದು ಅವರ ಕೆಲಸವೂ ಅಲ್ಲ. ಅಂದರೆ ನಕ್ಷತ್ರ ದಿಲ್ಲಿಯಿಂದ, ಲೈಸೆನ್ಸು ತಿರುವನಂತಪುರದಿಂದ. ಬಸ್ ಸ್ಟಾಪ್ ಮಾತ್ರ ನಮ್ಮದು.

ಬೇರೆ ಕಡೆ ಹೇಗಿದೆ ಎಂದು ಹುಡುಕಿದೆವು. ಇಂಗ್ಲೆಂಡಿನಲ್ಲಿ ಮದ್ಯದ ಲೈಸೆನ್ಸು ಕೊಡುವುದೇ ಸ್ಥಳೀಯ ಕೌನ್ಸಿಲು. ಒಂದು ಪೇಟೆಯ ನಡುವೆ ಈಗಾಗಲೇ ಇರುವ ಅಂಗಡಿಗಳೆಲ್ಲ ಸೇರಿ ಆಗುವ ಒಟ್ಟು ಪರಿಣಾಮವನ್ನು ಲೆಕ್ಕ ಹಾಕಿ, ಇಲ್ಲಿ ಇನ್ನೊಂದು ಸೇರಿದರೆ ತಾಳದು ಎಂದು ಕೌನ್ಸಿಲು ಮೊದಲೇ ಪ್ರಕಟಿಸಬಹುದು. 2018ರಿಂದ ಇದಕ್ಕೆ ಕಾಯ್ದೆಯ ಬಲವೂ ಇದೆ. ಸ್ಕಾಟ್ಲೆಂಡಿನಲ್ಲಿ ಹೀಗೆ ‘ಅತಿಯಾಯಿತು’ ಎನ್ನುವುದೇ ಲೈಸೆನ್ಸು ನಿರಾಕರಿಸಲು ಒಂದು ಕಾರಣ. ಅಲ್ಲಿನವರು ಕುಡಿತ ಪಾಪ ಎಂಬ ಕಾರಣಕ್ಕೆ ಈ ನಿಯಮ ಮಾಡಿದ್ದಲ್ಲ ಎಂಬುದನ್ನು ಗಮನಿಸಬೇಕು. ಒಂದು ಬೀದಿ ಎಷ್ಟು ಹೊರಬಲ್ಲದು ಎಂಬುದು ಅವರ ಲೆಕ್ಕ.

ಇಷ್ಟು ದೂರ ಹೋಗಬೇಕಾಗಿಲ್ಲ. ಮಹಾರಾಷ್ಟ್ರದಲ್ಲಿ ಒಂದು ಊರಿನ ಕಾಲು ಭಾಗದಷ್ಟು ಮತದಾರರು ಅಥವಾ ಹೆಂಗಸರು ಸಹಿ ಹಾಕಿ ಕೊಟ್ಟರೆ ಮದ್ಯದಂಗಡಿಯ ಬಗ್ಗೆ ಗುಪ್ತ ಮತದಾನ ನಡೆಸಬೇಕು. ಓದು ಬಾರದವರಿಗೂ ತಿಳಿಯಲೆಂದು ಚೀಟಿಯಲ್ಲಿ ನಿಂತ ಬಾಟಲಿ, ಮಲಗಿದ ಬಾಟಲಿ ಎಂದು ಎರಡು ಚಿತ್ರ. ಮಲಗಿದ ಬಾಟಲಿ ಗೆದ್ದರೆ ಅಂಗಡಿ ಮುಚ್ಚಬೇಕು. ರಾಜಸ್ಥಾನದಲ್ಲೂ ಇಂಥ ನಿಯಮ 1975ರಿಂದ ಇದೆ. ಅದರಂತೆ 2016ರ ಮಾರ್ಚ್ 29ರಂದು ರಾಜಸಮಂದ ಜಿಲ್ಲೆಯ ಕಾಛಬಲಿ ಪಂಚಾಯತಿನಲ್ಲಿ ಮತದಾನ ನಡೆದು, ಮತ ಹಾಕಿದವರಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ಜನ ಮುಚ್ಚಿ ಎಂದರು. ಸಾಕ್ಷರತೆಗೆ ಹೆಸರಾದ ನಮ್ಮ ಕೇರಳದಲ್ಲಿ ಇದ್ದ ಒಪ್ಪಿಗೆ ಪತ್ರವೂ ಹೋಯಿತು.

ಮುಚ್ಚಿದರೆ ಕುಡಿತ ನಿಲ್ಲುತ್ತದೆಯೇ?

ಇದು ಕೂಟದಲ್ಲಿ ಹೆಚ್ಚು ಹೊತ್ತು ಚರ್ಚೆಯಾದ ಪ್ರಶ್ನೆ. ಲೈಸೆನ್ಸು ಮಿತಿ ಮಾಡಿದರೆ ಕುಡಿಯುವವರು ಬಿಡುತ್ತಾರೆ ಎಂದು ಹೇಳುವವರು ಕಾಸರಗೋಡಿನವರಾಗಿರಲಿಕ್ಕಿಲ್ಲ. ಇಲ್ಲಿಂದ ತಲಪಾಡಿ ಗಡಿಗೆ ಬಸ್ಸಿನಲ್ಲಿ ಹೋಗಿ ಬರಬಹುದು. ಕರ್ನಾಟಕದ ಟೆಟ್ರಾ ಪ್ಯಾಕು, ಗೋವಾದ ಬಾಟಲಿ, ಮಾಹೆಯ ಬಾಟಲಿ ನಮ್ಮ ಜಿಲ್ಲೆಯಲ್ಲಿ ಅಬಕಾರಿಯವರ ಕೈಗೆ ಸಿಕ್ಕಿದ ಸುದ್ದಿ ಪತ್ರಿಕೆಯಲ್ಲಿ ಪದೇ ಪದೇ ಬರುತ್ತದೆ. ಸಿಗದೆ ಹೋದದ್ದರ ಲೆಕ್ಕ ಯಾರಲ್ಲಿದೆ?

ಹಳೆಯ ಅನುಭವಗಳೂ ಇವೆ. 1996ರ ಎಪ್ರಿಲ್ 1ರಂದು ಎ.ಕೆ. ಆಂಟನಿಯವರ ಸರಕಾರ ಕೇರಳದಲ್ಲಿ ಸಾರಾಯಿ ನಿಲ್ಲಿಸಿತು. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರ ಜುಲಾಯಿ 1ರಂದು. ಎರಡೂ ಕಡೆ ಸಾರಾಯಿ ಹೋಗಿ ವಿದೇಶಿ ಮದ್ಯ ಎಂದು ಹೇಳುವ ಸ್ವದೇಶಿ ಬಾಟಲಿ ಬಂತು. 2014ರಲ್ಲಿ ಉಮ್ಮನ್ ಚಾಂಡಿಯವರ ಸರಕಾರ ಗುಣಮಟ್ಟವಿಲ್ಲವೆಂದು 418 ಬಾರ್‌ಗಳ ಲೈಸೆನ್ಸು ನವೀಕರಿಸಲಿಲ್ಲ. ಬಳಿಕ ಪಂಚತಾರಾ ಹೋಟೆಲುಗಳಲ್ಲಿ ಮಾತ್ರ ಬಾರ್ ಎಂಬ ನೀತಿ ತಂದಿತು. 2015ರ ದಶಂಬರ 29ರಂದು ಸುಪ್ರೀಂ ಕೋರ್ಟು ಅದನ್ನು ಎತ್ತಿ ಹಿಡಿಯಿತು. ಮದ್ಯ ಮಾರುವುದು ಮೂಲಭೂತ ಹಕ್ಕಲ್ಲ ಎಂದು ಅದಕ್ಕೂ ಎಷ್ಟೋ ಮೊದಲು, ಕರ್ನಾಟಕದ ಖೋಡೆ ಡಿಸ್ಟಿಲರೀಸ್ ಪ್ರಕರಣದಲ್ಲೇ ಅದೇ ನ್ಯಾಯಾಲಯ ಹೇಳಿತ್ತು. 2016ರಲ್ಲಿ ಸರಕಾರ ಬದಲಾದಾಗ ರಾಜ್ಯದಲ್ಲಿದ್ದ ಬಾರ್‌ಗಳು 29. ಈ ಸಂಖ್ಯೆಯನ್ನು ಭಾಷಣಗಳಲ್ಲಿ ಕೇಳಿರುತ್ತೀರಿ. ಭಾಷಣದಲ್ಲಿ ಹೇಳದ ಮಾತೆಂದರೆ, ಮುಚ್ಚಿದ ಬಾರ್‌ಗಳಲ್ಲಿ ಹೆಚ್ಚಿನವು ಬಿಯರ್ ಮತ್ತು ವೈನ್ ಪಾರ್ಲರುಗಳಾಗಿ ತೆರೆದೇ ಇದ್ದವು. ಆಮೇಲೆ ಬಾರ್‌ಗಳ ಸಂಖ್ಯೆ 800ನ್ನು ಮುಟ್ಟಿತು.

ಮುಚ್ಚಿದಾಗ ಕೆಲಸ ಕಳೆದುಕೊಂಡವರನ್ನೂ ಮರೆಯಬಾರದು. ಬಾರಿನಲ್ಲಿ ಬಡಿಸುವವರು, ತೊಳೆಯುವವರು ಮಾಲಿಕರಲ್ಲ. ನಮ್ಮ ಕಡೆ ಮೂರ್ತೆದಾರಿಕೆಯಿಂದಲೇ ಮಕ್ಕಳನ್ನು ಓದಿಸಿದ ನೆರೆಮನೆಗಳಿವೆ. ತಾಳೆಮರ ಹತ್ತುವವನನ್ನೂ ಬಾಟಲಿ ಕಂಪೆನಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಭಾಷಣ ನಮಗೆ ಹಿಡಿಸುವುದಿಲ್ಲ. ಲೈಸೆನ್ಸು ಮಿತಿ ಮಾಡಬೇಕೆಂದು ಹೇಳುವವರು ಇವರ ಬಗ್ಗೆ ಏನು ಹೇಳುತ್ತಾರೆ ಎಂದು ಕೇಳುವುದು ನ್ಯಾಯ.

ಹಾಗಾದರೆ ಮಿತಿ ಮಾಡಿ ಪ್ರಯೋಜನವೇನು? ಪ್ರಯೋಜನ ಆ ಜಾಗಕ್ಕೆ. ಆಸ್ಟ್ರೇಲಿಯಾದ ನ್ಯೂಕಾಸಲ್ ಎಂಬ ಊರಿನ ಉದಾಹರಣೆ ಪ್ರಸಿದ್ಧ. 2008ರಲ್ಲಿ ಅಲ್ಲಿನ ಪೇಟೆ ನಡುವಿನ ಪಬ್‌ಗಳು ಮುಚ್ಚುವ ಸಮಯವನ್ನು ಬೆಳಗಿನ ಜಾವ ಐದರಿಂದ ಮೂರೂವರೆಯ ಆಸುಪಾಸಿಗೆ ತಂದರು. ಅಷ್ಟಕ್ಕೇ ರಾತ್ರಿಯ ಹೊಡೆದಾಟಗಳು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿದವು. ಕುಡಿತ ನಿಂತಿತೇ? ಇಲ್ಲ. ಬೀದಿ ಸುಧಾರಿಸಿತು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಎಲ್ಲ ದೇಶಗಳಿಗೆ ಸೂಚಿಸಿದ ಐದು ಕ್ರಮಗಳಲ್ಲಿ ಮೊದಲನೆಯದೇ ಮದ್ಯ ಸಿಗುವ ಜಾಗ ಮತ್ತು ಸಮಯವನ್ನು ಮಿತಿಗೊಳಿಸುವುದು. ಉಳಿದವು ಕುಡಿದು ವಾಹನ ಓಡಿಸುವುದನ್ನು ತಡೆಯುವುದು, ಚಿಕಿತ್ಸೆ, ಜಾಹೀರಾತು ನಿಷೇಧ, ಬೆಲೆ ಏರಿಕೆ. ಐದರಲ್ಲಿ ಒಂದನ್ನೇ ಮಾಡಿ ಉಳಿದದ್ದನ್ನು ಬಿಟ್ಟರೆ ತಲಪಾಡಿಗೆ ಬಸ್ಸು ಇದ್ದೇ ಇದೆ.

ನಮ್ಮ ರಾಜ್ಯದಲ್ಲೇ ಒಂದು ಉದಾಹರಣೆ ಇದೆ. ತ್ರಿಶೂರಿನ ಕುರುಪ್ಪಂ ರಸ್ತೆಯಲ್ಲಿ ಬೆವ್ಕೊ ಅಂಗಡಿಯ ಸಾಲು ತನ್ನ ಅಂಗಡಿಯ ಬಾಗಿಲಿಗೆ ಅಡ್ಡ ನಿಲ್ಲುತ್ತದೆಂದು ಒಬ್ಬ ವ್ಯಾಪಾರಿ ಹೈಕೋರ್ಟಿಗೆ ಹೋದರು. 2021ರಲ್ಲಿ ನ್ಯಾಯಮೂರ್ತಿ ದೇವನ್ ರಾಮಚಂದ್ರನ್ ಅದೇ ಪ್ರಕರಣದಲ್ಲಿ, ಜನರನ್ನು ಬೀದಿಯಲ್ಲಿ ಹೀಗೆ ನಿಲ್ಲಿಸುವುದನ್ನು ಕಟುವಾಗಿ ಟೀಕಿಸಿದರು. ಆ ವ್ಯಾಪಾರಿ ಕುಡಿತ ತಪ್ಪೆಂದು ವಾದಿಸಲಿಲ್ಲ. ತನ್ನ ಬಾಗಿಲಿನ ಮುಂದೆ ಜಾಗ ಬೇಕು ಎಂದರು. ಕುಡಿಯುವವರಿಗೂ ಮರ್ಯಾದೆ ಬೇಕು, ದಾರಿ ನಡೆಯುವವರಿಗೂ ದಾರಿ ಬೇಕು ಎಂಬ ನೆಲೆಯಲ್ಲಿ ಕೋರ್ಟು ಕೇಳಿತು.

ಕಾನಾ ಊರಿನ ಮದುವೆಯನ್ನು ಬಿಡದೆ

ಕಥೋಲಿಕರಾದ ನಮಗೆ ಇಲ್ಲಿ ಒಂದು ಇಕ್ಕಟ್ಟಿದೆ, ಅದನ್ನು ಮುಚ್ಚಿಟ್ಟು ಮಾತಾಡಿದರೆ ನೆರೆಯವರು ನಗುತ್ತಾರೆ. ಯೇಸುಸ್ವಾಮಿ ಕಾನಾ ಊರಿನ ಮದುವೆಯಲ್ಲಿ ನೀರನ್ನು ದ್ರಾಕ್ಷಾರಸ ಮಾಡಿದರು. ಪ್ರತಿ ಬಲಿಪೂಜೆಯಲ್ಲೂ ದ್ರಾಕ್ಷಾರಸವಿದೆ. ಸಂತ ಪೌಲರು ತಿಮೊಥೇಯನಿಗೆ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ಕುಡಿ ಎಂದು ಬರೆದರು. ಆದ್ದರಿಂದ ಮದ್ಯ ಎಂಬ ವಸ್ತುವೇ ಕೆಟ್ಟದ್ದು ಎಂದು ನಾವು ಹೇಳುವಂತಿಲ್ಲ. ಸಿರಾಖನ ಗ್ರಂಥದ 31ನೇ ಅಧ್ಯಾಯವನ್ನು ಮನೆಯಲ್ಲಿ ತೆರೆದು ಓದಿ: ಮಿತವಾದದ್ದನ್ನು ಹೊಗಳಿ, ಅದೇ ಉಸಿರಿನಲ್ಲಿ ಮಿತಿ ಮೀರಿದ್ದರ ಫಲವನ್ನು ಹೇಳುತ್ತದೆ. ಹಬಕ್ಕೂಕನ ಎರಡನೇ ಅಧ್ಯಾಯ ಇನ್ನೂ ಮುಂದೆ ಹೋಗಿ, ನೆರೆಯವನಿಗೆ ಕುಡಿಸುವವನನ್ನು ಎಚ್ಚರಿಸುತ್ತದೆ. ಅಲ್ಲಿ ದೋಷ ಕುಡಿದವನ ಮೇಲಲ್ಲ, ಕುಡಿಸಿ ಲಾಭ ನೋಡುವವನ ಮೇಲೆ. ಧರ್ಮೋಪದೇಶ ಗ್ರಂಥದ 2290ನೇ ಪರಿಚ್ಛೇದ ಮಿತಸಂಯಮದ ಬಗ್ಗೆ ಹೇಳುವಾಗ ರಸ್ತೆಯನ್ನೂ ಹೆಸರಿಸಿದೆ: ಕುಡಿದೋ ವೇಗದ ಹುಚ್ಚಿನಿಂದಲೋ ಇತರರ ಪ್ರಾಣವನ್ನು ಅಪಾಯಕ್ಕೆ ಒಡ್ಡುವುದು ಗಂಭೀರ ಅಪರಾಧ. ಹೆದ್ದಾರಿ ಬದಿಯವರಿಗೆ ಇದಕ್ಕಿಂತ ಹತ್ತಿರದ ಮಾತು ಬೇಕೇ?

ನಮ್ಮ ಕೂಟ ಹೆಚ್ಚು ಹೊತ್ತು ನಿಂತದ್ದು ಮಾತ್ರ ಇನ್ನೊಂದು ಬೋಧನೆಯ ಮೇಲೆ. 11ನೇ ಪಿಯುಸ್ ಜಗದ್ಗುರುಗಳು 1931ರ ತಮ್ಮ ಪರಿಪತ್ರದಲ್ಲಿ ಹೇಳಿದ್ದು: ಸಣ್ಣ ಸಮುದಾಯ ತಾನೇ ಮಾಡಬಲ್ಲ ಕೆಲಸವನ್ನು ಮೇಲಿನ ದೊಡ್ಡ ವ್ಯವಸ್ಥೆ ಕಸಿದುಕೊಳ್ಳುವುದು ಅನ್ಯಾಯ. ಮನೆಯದ್ದು ಮನೆಯಲ್ಲಿ, ಊರಿನದ್ದು ಊರಿನಲ್ಲಿ ತೀರ್ಮಾನವಾಗಲಿ, ಆಗದಿದ್ದರೆ ಮೇಲಿನವರು ನೆರವಾಗಲಿ. ಬಾಟಲಿಗೆ ಎಷ್ಟು ತೆರಿಗೆ ಎಂಬುದನ್ನು ಚೆಂಗಳ ಪಂಚಾಯತು ತೀರ್ಮಾನಿಸಬೇಕಾಗಿಲ್ಲ, 23 ವರ್ಷದ ಕೆಳಗಿನವರಿಗೆ ಮಾರಬಾರದು ಎಂಬ ಕಾಯ್ದೆಯನ್ನೂ ವಾರ್ಡು ವಾರ್ಡಿನಲ್ಲಿ ಮಾಡಬೇಕಾಗಿಲ್ಲ. ಆದರೆ ಈ ಬೀದಿಯಲ್ಲಿ, ಈ ಶಾಲೆಯ ಎದುರು, ಈ ಬಸ್ ಸ್ಟಾಪಿನ ಹಿಂದೆ ಅಂಗಡಿ ಬೇಕೇ ಎಂಬುದನ್ನು ಅಲ್ಲಿ ನಡೆಯುವವರಿಗಿಂತ ಚೆನ್ನಾಗಿ ತಿಳಿದವರು ಯಾರು? 2017ರಲ್ಲಿ ಕಳೆದುಹೋದದ್ದು ಈ ಒಂದು ಮಾತು ಹೇಳುವ ಹಕ್ಕು. ಮದ್ಯ ವಿರೋಧಿಗಳಿಗೆ ಮಾತ್ರ ಆದ ನಷ್ಟ ಇದೆಂದು ನಾವು ಭಾವಿಸುವುದಿಲ್ಲ; ಬಾರ್ ಬೇಕು ಎನ್ನುವ ಊರಿನವನ ಮಾತನ್ನೂ ಈಗ ಯಾರೂ ಕೇಳುವುದಿಲ್ಲ.

ನಮ್ಮೊಳಗಿನ ಒಂದು ಮಾತು. ನಮ್ಮ ರೋಸ್, ಮದುವೆಗಳಲ್ಲಿ ಬಾಟಲಿ ಇಡದಿದ್ದರೆ ಮರ್ಯಾದೆ ಹೋಯಿತೆಂದು ಹೇಳುವವರು ಇನ್ನೂ ಇದ್ದಾರೆ. ಆ ಮೇಜಿನ ಹತ್ತಿರ ಹತ್ತನೇ ಕ್ಲಾಸಿನ ಹುಡುಗರು ಸುಳಿದಾಡುವುದನ್ನು ಎಲ್ಲರೂ ನೋಡಿದ್ದೇವೆ. ಪಂಚಾಯತಿಗೆ ಅರ್ಜಿ ಕೊಡಲು ಹೋಗುವ ನಮ್ಮನ್ನು ಪಂಚಾಯತು ಸದಸ್ಯರು, “ನಿಮ್ಮ ಹಾಲಿನ ಕಥೆ ಏನು?” ಎಂದು ಕೇಳಿದರೆ ಉತ್ತರ ತಯಾರಿರಬೇಕು. ಸಾರ್ವಜನಿಕ ಬೀದಿಯ ಲೈಸೆನ್ಸಿನ ಬಗ್ಗೆ ಮಾತಾಡಲು ನಮಗೆ ಹಕ್ಕಿಲ್ಲ ಎಂದು ಇದರ ಅರ್ಥವಲ್ಲ. ಆದರೆ ಹಾಲಿನಲ್ಲಿ ವಯಸ್ಸು ನೋಡದವರು ಅಂಗಡಿಯವನಿಗೆ ವಯಸ್ಸು ನೋಡು ಎಂದರೆ ಆ ಮಾತಿಗೆ ತೂಕ ಬರುವುದಿಲ್ಲ.

ನೆರೆಯವರ ಜೊತೆ

ನಾಯ್ಮಾರ್ಮೂಲೆಯಲ್ಲಿ ಮುಸ್ಲಿಂ ಬಾಂಧವರೇ ಹೆಚ್ಚು. ಅವರಿಗೆ ಮದ್ಯ ಧರ್ಮದಿಂದಲೇ ನಿಷಿದ್ಧ. ನಮಗೆ ಹಾಗಿಲ್ಲ. ಹಿಂದೂ ನೆರೆಯವರಲ್ಲಿ ದೈವದ ಕಟ್ಟೆಗೆ ಕಳ್ಳು ಒಪ್ಪಿಸುವ ಮನೆಗಳಿವೆ, ಮದ್ಯ ಮುಟ್ಟದ ಮನೆಗಳೂ ಇವೆ. ಧರ್ಮದ ಕಾರಣ ಹಿಡಿದರೆ ಮೂವರೂ ಮೂರು ದಾರಿ ಹಿಡಿಯಬೇಕಾಗುತ್ತದೆ. ಬೀದಿಯ ಕಾರಣ ಹಿಡಿದರೆ ಒಂದೇ ಅರ್ಜಿಗೆ ಮಹಲ್ ಕಮಿಟಿಯೂ, ಭಜನಾ ಮಂದಿರದವರೂ, ನಾವೂ, ಕುಟುಂಬಶ್ರೀಯ ಹೆಂಗಸರೂ ಸಹಿ ಹಾಕಬಹುದು. ಕುಡಿಯುವವರೂ ಹಾಕಬಹುದು, ಶಾಲೆಯ ಎದುರು ಬೇಡ ಎನ್ನಲು ಕುಡಿಯದವರೇ ಆಗಬೇಕೆಂದಿಲ್ಲ. ಇದನ್ನು ಬರೆಯುವಾಗ ನಮ್ಮ ಕೂಟದ ಇಬ್ಬರು ಮುಖ ಮುಖ ನೋಡಿಕೊಂಡು ನಕ್ಕರು, ಯಾರೆಂದು ಬರೆಯುವುದಿಲ್ಲ.

ಈಗ ಏನು ಮಾಡಬಹುದು?

ಒಪ್ಪಿಗೆ ಪತ್ರದ ಅಧಿಕಾರ ಹೋದ ಮೇಲೂ ಪಂಚಾಯತಿನ ಕೈ ಪೂರ್ತಿ ಖಾಲಿಯಾಗಿಲ್ಲ. ಕಟ್ಟಡದ ಪರವಾನಗಿ, ಕಟ್ಟಡದ ನಂಬರು, ಕೊಳಚೆ ನೀರು, ಪಾರ್ಕಿಂಗ್ ಇವೆಲ್ಲ ಇನ್ನೂ ಅಲ್ಲೇ ನೋಡಬೇಕಾದದ್ದು. ಹೋಟೆಲಿನ ನಕ್ಷೆ ಬಂದಾಗಲೇ ಪ್ರಶ್ನೆ ಕೇಳಬೇಕು. ಬಾರ್ ಅರ್ಜಿ ಬಂದ ಮೇಲೆ ಕೇಳಿದರೆ ಅದು ಅಬಕಾರಿಯ ವಿಷಯ ಎಂಬ ಉತ್ತರ ಸಿಗುತ್ತದೆ.

ಗ್ರಾಮಸಭೆಗೆ ನಮ್ಮವರು ಹೋಗುವುದು ತೀರಾ ಕಡಿಮೆ. ಮನೆ ರಿಪೇರಿ, ಕೋಳಿ, ಗೊಬ್ಬರದ ಫಲಾನುಭವಿ ಪಟ್ಟಿಗೆ ಮಾತ್ರ ಎಂದುಕೊಂಡಿದ್ದೇವೆ. ಪಂಚಾಯತ್ ರಾಜ್ ಕಾಯ್ದೆಯ 3ನೇ ಕಲಮಿನ ಪ್ರಕಾರ ವಾರ್ಡಿನ ಮತದಾರರೆಲ್ಲರೂ ಗ್ರಾಮಸಭೆಯ ಸದಸ್ಯರು. ಮೂರು ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕು. ಮತದಾರರಲ್ಲಿ ಶೇಕಡಾ 10 ಜನ ವಿಷಯ ಬರೆದು ಸಹಿ ಹಾಕಿ ಕೇಳಿದರೆ ವಿಶೇಷ ಸಭೆ ಕರೆಯಬೇಕು. 1,500 ಮತದಾರರ ವಾರ್ಡಾದರೆ 150 ಸಹಿ. ಒಂದು ಭಾನುವಾರ ಮಧ್ಯಾಹ್ನದ ಕೆಲಸ. ಗ್ರಾಮಸಭೆಯ ನಿರ್ಣಯ ಅಬಕಾರಿ ಇಲಾಖೆಯನ್ನು ಕಟ್ಟಿಹಾಕುವುದಿಲ್ಲ, ಅದು ಗೊತ್ತಿರಲಿ. ಆದರೆ ನಡವಳಿ ಪುಸ್ತಕದಲ್ಲಿ ಬರೆಸಿದ ನಿರ್ಣಯವನ್ನು ನಾಳೆ ಕೋರ್ಟಿನ ಮುಂದೆ ಇಡಬಹುದು, ಬಾಯಲ್ಲಿ ಹೇಳಿದ್ದನ್ನು ಇಡಲಾಗದು.

ಮಲಯಾಳದಲ್ಲಿ ಬರೆಯಲು ಬಾರದೆಂದು ಹಿಂದೆ ಸರಿಯುವ ಹಿರಿಯರು ನಮ್ಮಲ್ಲಿ ಅನೇಕರಿದ್ದಾರೆ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಂತೆ ನಮ್ಮ ಕನ್ನಡ ಪ್ರದೇಶದ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಅರ್ಜಿ ಬರೆಯಬಹುದು, ಉತ್ತರವನ್ನೂ ಕನ್ನಡದಲ್ಲಿ ಕೇಳಬಹುದು. ಆದರೂ ಊರಿನ ಜಂಟಿ ಅರ್ಜಿಯಾದರೆ ಕನ್ನಡ, ಮಲಯಾಳ ಎರಡರಲ್ಲೂ ಬರೆದು ಒಂದಕ್ಕೊಂದು ಪಿನ್ ಮಾಡಿ ಕೊಡುವುದು ಮೇಲು. ಓದುವ ಗುಮಾಸ್ತರಿಗೂ ಸುಲಭ, ಸಹಿ ಹಾಕುವ ನೆರೆಯವರಿಗೂ ತಾವು ಏನಕ್ಕೆ ಸಹಿ ಹಾಕಿದೆವೆಂದು ತಿಳಿಯುತ್ತದೆ. ಹಾಗೆಯೇ ನಮ್ಮ ಕ್ಷೇತ್ರದ ಶಾಸಕರಿಗೆ ಒಂದೇ ಒಂದು ಬೇಡಿಕೆ: 232 ಮತ್ತು 447ರಲ್ಲಿ ಇದ್ದ ಒಪ್ಪಿಗೆಯ ಷರತ್ತು ವಾಪಸು ಬರಲಿ. ಇದು ಯಾವ ಪಕ್ಷದವರಿಗೂ ಕೊಡಬಹುದಾದ ಅರ್ಜಿ.

ಮನೆಯಲ್ಲಿ ಕುಡಿತದಿಂದ ಕಷ್ಟಪಡುತ್ತಿರುವವರಿಗೆ ಈ ಕಾಯ್ದೆ, ಕಲಮುಗಳೆಲ್ಲ ದೂರದ ಮಾತು. ಅವರಿಗೆ ಬೇಕಾದದ್ದು ಚಿಕಿತ್ಸೆ. 2016ರಲ್ಲಿ ಶುರುವಾದ ಸರಕಾರದ ‘ವಿಮುಕ್ತಿ’ ಯೋಜನೆಯಲ್ಲಿ ವ್ಯಸನಮುಕ್ತಿ ಚಿಕಿತ್ಸೆ ಇದೆ. ಹೆಸರು ಹೊರಗೆ ಬರಬಾರದು ಎನ್ನುವವರು ಧರ್ಮಗುರುಗಳ ಹತ್ತಿರ ಮಾತಾಡಿ, ಅವರು ದಾರಿ ತೋರಿಸುತ್ತಾರೆ.

ಗುಂಪು ಚರ್ಚೆಗೆ

ವಾರ್ಡು ಕೂಟಗಳಲ್ಲಿ ಈ ಪಾಠ ನಡೆಸುವವರು ಮೊದಲು ಸಿರಾಖ 31ರ ಕೊನೆಯ ಭಾಗವನ್ನೂ ರೋಮನರಿಗೆ ಬರೆದ ಪತ್ರದ 14ನೇ ಅಧ್ಯಾಯವನ್ನೂ ಓದಿಸಿ. ಬಳಿಕ ಈ ಪ್ರಶ್ನೆಗಳನ್ನು ಕೊಡಿ. ನಮ್ಮ ಮನೆಯಿಂದ ಬಸ್ ಸ್ಟಾಪಿನವರೆಗಿನ ದಾರಿಯಲ್ಲಿ ಯಾವ ಜಾಗದಲ್ಲಿ ಮದ್ಯದಂಗಡಿ ಬಂದರೆ ಯಾರಿಗೆ ತೊಂದರೆ? ಯಾರಿಗೆ ಕೆಲಸ ಸಿಗುತ್ತದೆ? ಒಪ್ಪಿಗೆ ಕೊಡುವ ಅಧಿಕಾರ ಪಂಚಾಯತಿಗೆ ವಾಪಸು ಬಂದರೆ ಲಂಚ ಆಗದಂತೆ ಏನು ಮಾಡಬಹುದು. ಮಹಾರಾಷ್ಟ್ರದ ಚೀಟಿ ನಮ್ಮಲ್ಲಿ ನಡೆದೀತೇ? ಮುಂದಿನ ಮದುವೆಯ ಹಾಲಿನಲ್ಲಿ ಹುಡುಗರನ್ನು ಆ ಮೇಜಿನಿಂದ ದೂರ ಇಡುವ ಜವಾಬ್ದಾರಿ ಯಾರದ್ದು, ಹೆಸರು ಹೇಳಿ.

ಹೆಂಗಸರು ಮತ್ತು ಹೈಸ್ಕೂಲು ಮಕ್ಕಳು ಮೊದಲು ಮಾತಾಡಲಿ, ಗಂಡಸರು ಕೊನೆಗೆ. ಉತ್ತರಗಳನ್ನು ಬರೆದು ಯುವ ಕೂಟಕ್ಕೆ ತಲುಪಿಸಿ. ಅದರ ಜೊತೆಗೆ ನಿಮ್ಮ ಮನೆ ಯಾವ ವಾರ್ಡಿನಲ್ಲಿದೆ, ಅದರ ನಂಬರೇನು ಎಂದೂ ಬರೆಯಿರಿ. ಕಳೆದ ಸಲ ಕೂಟದಲ್ಲಿ ಕೇಳಿದಾಗ ಅರ್ಧದಷ್ಟು ಜನರಿಗೆ ತಮ್ಮ ವಾರ್ಡಿನ ನಂಬರು ಗೊತ್ತಿರಲಿಲ್ಲ.